ಮೇಲ್ಮನೆಯ ಮತದಾರಳು

ಫೋಂಡಾ, ಗೋವಾ
18 ಅಕ್ಟೋಬರ್ 2021

ಮಗಳು ಫಿರ್ದೋಸಳಿಗೆ ಅಬ್ಬಾನ ಸಲಾಂ.

ನಿನ್ನೆ ನೀನು ಫೋನು ಮಾಡಿದಾಗ ನಾನು ಟ್ಯಾಂಕರಿನ ಪಂಪಿನ ಪಕ್ಕದಲ್ಲೇ ನಿಂತಿದ್ದೆ. ನೀನು ಏನೋ ಹೇಳಿದೆ, ನಾನು ಇನ್ನೇನೋ ಕೇಳಿಸಿಕೊಂಡು ಹೂಂ ಎಂದೆ. ಹೋಟೆಲುಗಳಿಗೆ ಟ್ಯಾಂಕರಿನಲ್ಲಿ ನೀರು ಹೊಡೆಯತೊಡಗಿ ಹತ್ತೊಂಬತ್ತು ವರ್ಷವಾಯಿತು. ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿ ಮನಸ್ಸು ಬಂದಾಗ ಕೇಳುತ್ತದೆ. ಸ್ಪೀಕರಿನಲ್ಲಿ ಮಾತು ಕೇಳುತ್ತಿದ್ದ, ನನ್ನ ರೂಮಿನಲ್ಲೇ ಇರುವ ಡ್ರೈವರ್ ಕುಬೇರ ಆಮೇಲೆ ಬಿಡಿಸಿ ಹೇಳಿದ: "ಕಾಕಾ, ನಿಮ್ಮ ಮಗಳು ಮೇಲ್ಮನಿ ಎಲೆಕ್ಷನ್ ಬಂತು ಅಂದ್ಲು. ನೀವು ನೋಡಿದ್ರ, ಮನಿ ಮ್ಯಾಲ ಮನಿ ಯಾಕ ಕಟ್ಟಸ್ತಿ, ಮದ್ಲ ಕೆಳಗಿನ ಗ್ವಾಡಿ ನೋಡು ಅಂದ್ರಿ." ನೀನು ಅದಕ್ಕೇ ಫೋನು ಇಟ್ಟೆಯೇನೋ. ಇನ್ನು ಮುಂದೆ ಕಾಗದವೇ ಚಲೋ. ಕಾಗದಕ್ಕೆ ಕಿವಿ ಬೇಕಿಲ್ಲ.

ವಿಷಯ ತಿಳಿದು ನನಗೆ ಎಷ್ಟು ಸಂತೋಷವಾಯಿತೆಂದರೆ ಕೊರ್ಲಿಮ್ ಕಾರ್ಖಾನೆಯ ಗೇಟಿನಲ್ಲಿ ನಿಂತವರಿಗೆಲ್ಲ ಹೇಳಿದೆ. ನನ್ನ ಮಗಳು ಪಂಚಾಯಿತಿ ಮೆಂಬರ್, ಬೆಂಗಳೂರಿನ ವಿಧಾನ ಪರಿಷತ್ತಿಗೆ ಒಬ್ಬರನ್ನು ಆರಿಸಿ ಕಳಿಸುವ ಹಕ್ಕು ಅವಳಿಗಿದೆ ಎಂದೆ. ಇಡೀ ತೊಗರಿಹಾಳದಲ್ಲಿ ಆ ಹಕ್ಕು ಎಷ್ಟು ಜನರಿಗಿದೆ? ಇಲ್ಲಿ ಗೋವಾದಲ್ಲಿ ಅಂಥ ಮನೆಯೇ ಇಲ್ಲ. ನಲವತ್ತು ಎಮ್ಮೆಲ್ಲೆಗಳು, ಒಂದೇ ಮನೆ. ಮೇಲ್ಮನೆ ಇರುವುದು ದೇಶದಲ್ಲಿ ಆರೇ ರಾಜ್ಯಗಳಲ್ಲಂತೆ. ಹಿರಿಯರು ಕೂತು ಕೆಳಗಿನವರು ಮಾಡಿದ್ದನ್ನು ಇನ್ನೊಮ್ಮೆ ನೋಡುವ ಜಾಗ ಅದು. ಏಳನೇ ಇಯತ್ತೆಯ ಪುಸ್ತಕದಲ್ಲಿ ಓದಿದ್ದು ಇನ್ನೂ ನೆನಪಿದೆ.

ಮತ ಕೇಳಲು ಬಂದವರಿಗೆ ನಮ್ಮೂರಿನ ನೀರಿನ ಟ್ಯಾಂಕಿನ ವಿಷಯ ಹೇಳು. ಕಟ್ಟಿ ಒಂಬತ್ತು ವರ್ಷವಾದರೂ ಪೈಪು ಜೋಡಿಸಿಲ್ಲ. ನಾನು ಇಲ್ಲಿ ಸಾಹೇಬರ ಈಜುಕೊಳಕ್ಕೆ ನೀರು ತುಂಬುತ್ತೇನೆ, ಅಲ್ಲಿ ನೀನು ಕೊಡ ಹಿಡಿದು ಮೈಲಿ ನಡೆಯುತ್ತೀ. ಧೈರ್ಯವಾಗಿ ಕೇಳು.

ಮೊಮ್ಮಗಳು ಜಾಸ್ಮೀನಳಿಗೆ ಮುದ್ದು. ಅಳಿಯ ರಿಯಾಜನಿಗೆ ಸಲಾಂ.

ನಿನ್ನ ಅಬ್ಬಾ
ರಾಜಮಹ್ಮದ


ತೊಗರಿಹಾಳ
3 ನವೆಂಬರ್ 2021

ಅಬ್ಬಾ, ಸಲಾಂ.

ನಿಮ್ಮ ಪತ್ರ ಓದಿ ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು. ಸಿಟ್ಟು ನಿಮ್ಮ ಮೇಲಲ್ಲ.

ಈಗ ಇರುವ ನಮ್ಮ ಪರಿಷತ್ ಸದಸ್ಯರು ಯಾರೆಂದು ಪಂಚಾಯಿತಿಯಲ್ಲಿ ಕೇಳಿದೆ. ನಾವು ಹತ್ತೊಂಬತ್ತು ಮೆಂಬರುಗಳಿದ್ದೇವೆ. ಇಬ್ಬರು ಹೇಳಿದ್ದು ತೀರಿಹೋದವರ ಹೆಸರು. ಒಬ್ಬರು ಎಮ್ಮೆಲ್ಲೆಯ ಹೆಸರು ಹೇಳಿದರು. ಕೊನೆಗೆ ಪಿಡಿಒ ಸಾಹೇಬರು ಡೈರಿ ತೆಗೆದು ನೋಡಿ ಹೇಳಿದರು. ಆರು ವರ್ಷದಲ್ಲಿ ಆ ಮನುಷ್ಯ ನಮ್ಮ ಊರ ಕಡೆ ಒಮ್ಮೆಯೂ ಮುಖ ಹಾಕಿಲ್ಲ. ಹಾಕಬೇಕಾದ ಅಗತ್ಯವೂ ಅವರಿಗಿಲ್ಲ. ಅವರಿಗೆ ಬೇಕಾದದ್ದು ಊರಲ್ಲ, ನಾವು ಹತ್ತೊಂಬತ್ತು ಜನ, ಅದೂ ಒಂದು ದಿನಕ್ಕೆ.

ಮೊನ್ನೆ ತಾಲ್ಲೂಕಿನ ಕಲ್ಯಾಣ ಮಂಟಪದಲ್ಲಿ ಎಲ್ಲ ಪಂಚಾಯಿತಿ ಮೆಂಬರುಗಳನ್ನು ಕರೆಸಿದ್ದರು. ಪರಿಷತ್ತಿನ ಚುನಾವಣೆಗೆ ನಿಂತಿರುವವರು ಒಬ್ಬ ಸಾಹುಕಾರರು. ಎರಡು ಸಲ ಎಮ್ಮೆಲ್ಲೆ ಚುನಾವಣೆಯಲ್ಲಿ ಸೋತವರು. ಜನ ಬೇಡ ಎಂದದ್ದಕ್ಕೆ ಈಗ ಮೇಲಿನ ಬಾಗಿಲಿಗೆ ಬಂದಿದ್ದಾರೆ. ಮಂಟಪದಲ್ಲಿ ಮುಂದಿನ ಸಾಲುಗಳಲ್ಲಿ ಗಂಡಂದಿರು, ಹಿಂದೆ ನಾವು ಹೆಣ್ಣುಮಕ್ಕಳು. ಆರಿಸಿ ಬಂದವರು ನಾವು, ಹಾರ ಹಾಕಿಸಿಕೊಂಡವರು ಅವರು. ನಿಮ್ಮ ಅಳಿಯ ಎರಡನೇ ಸಾಲಿನಲ್ಲಿದ್ದರು.

ನೀವು ಹೇಳಿದಂತೆ ನಾನು ಎದ್ದು ನಿಂತೆ. "ಸಾಹುಕಾರ್ರ, ನಮ್ಮೂರಾಗ ನೀರಿನ ಟ್ಯಾಂಕ್ ಕಟ್ಟಿ ಒಂಬತ್ತು ವರ್ಷ ಆತ್ರಿ. ಪೈಪ್ ಜೋಡಿಸಿಲ್ಲ. ನೀವು ಆರಿಸಿ ಬಂದ್ರ ಆ ಮನ್ಯಾಗ ಇದನ್ನ ಕೇಳ್ತೀರೇನ್ರಿ?"

"ತಂಗಿ, ಅದು ಕೆಳಮನಿ ಕೆಲಸವಾ. ಎಮ್ಮೆಲ್ಲೆ ಸಾಹೇಬ್ರನ್ನ ಕೇಳಬೇಕು."

"ಹಂಗಾದ್ರ ಮೇಲ್ಮನಿ ಕೆಲಸ ಏನ್ರಿ?"

ಮಂಟಪವೆಲ್ಲ ನಕ್ಕಿತು. ಅವರೂ ನಕ್ಕು, "ಹಿರ್ಯಾರು ಕುಂತು ವಿಚಾರ ಮಾಡೂದು" ಎಂದರು. ಹೊರಡುವಾಗ ಎಲ್ಲ ಹೆಣ್ಣುಮಕ್ಕಳಿಗೂ ಒಂದೊಂದು ಬೆಳ್ಳಿಯ ಕುಂಕುಮದ ಭರಣಿ ಕೊಟ್ಟರು. ನನಗೂ ಕೊಟ್ಟರು. ಹೆಸರು ಕೇಳಿ ಕೊಡುವಷ್ಟು ಪುರುಸೊತ್ತೂ ಅವರಿಗಿರಲಿಲ್ಲ.

ಬೈಕಿನಲ್ಲಿ ಬರುವಾಗ ಕಾಲುವೆ ದಾಟುತ್ತಲೇ ರಿಯಾಜ, "ನಿನಗ ಯಾರು ಕೇಳಂದ್ರು?" ಎಂದರು. ಅವರಿಗೆ ಒಂದು ರಸ್ತೆ ಕೆಲಸದ ಗುತ್ತಿಗೆ ಕೊಡಿಸುವ ಮಾತಾಗಿದೆಯಂತೆ.

ನೀವು ಓದಿದ ಪುಸ್ತಕದ ಮನೆ ಎಲ್ಲಿದೆಯೋ ನನಗೆ ಗೊತ್ತಿಲ್ಲ ಅಬ್ಬಾ. ಡಿಗ್ರಿ ಆದವರು, ಹೈಸ್ಕೂಲು ಮತ್ತು ಕಾಲೇಜಿನ ಮಾಸ್ತರರು, ಎಮ್ಮೆಲ್ಲೆಗಳು, ನಮ್ಮಂಥ ಮೆಂಬರುಗಳು, ಇವರಿಗೆ ಮಾತ್ರ ಮತ. ಉಳಿದ ಕೆಲವರನ್ನು ಸರಕಾರವೇ ಹೆಸರು ಹೇಳಿ ಕೂರಿಸುತ್ತದೆ. ಊರ ಜನ ಆರಿಸದ ಮನೆ ಊರ ಜನರಿಗೆ ಯಾಕೆ? ಬಾಗಿಲು ಹಾಕಿ ಬೀಗ ಜಡಿಯುವುದೇ ಸರಿ.

ನಿಮ್ಮ
ಫಿರ್ದೋಸ


ಫೋಂಡಾ
13 ನವೆಂಬರ್ 2021

ಮಗಳಿಗೆ ಸಲಾಂ.

ನೀನು ಎದ್ದು ನಿಂತು ಕೇಳಿದ್ದನ್ನು ಕುಬೇರನಿಗೆ ಎರಡು ಸಲ ಓದಿ ಹೇಳಿದೆ. ಆದರೆ ಬೀಗ ಜಡಿಯುವ ಮಾತು ನನಗೆ ಒಪ್ಪಿಗೆಯಿಲ್ಲ. ಯಾಕೆಂದು ಹೇಳುತ್ತೇನೆ.

ಆರು ವರ್ಷದ ಹಿಂದೆ ನಾವು ಟ್ಯಾಂಕರ್ ಡ್ರೈವರುಗಳು ಒಂದು ಸಂಘ ಮಾಡಿಕೊಂಡೆವು. ಎಂಬತ್ತು ಜನ, ಒಬ್ಬ ಅಧ್ಯಕ್ಷ. ಒಂದು ಸಂಜೆ ಅವನು ಒಂದು ಕಾಗದ ಓದಿದ, ಎಲ್ಲರೂ ಕೈ ಎತ್ತಿ ಸಹಿ ಹಾಕಿದರು, ಪಾಸಾಯಿತು. ಕಾಗದ ಇಂಗ್ಲಿಷಿನಲ್ಲಿತ್ತು. ಮರುದಿನ ಗೊತ್ತಾಯಿತು, ಸೀಜನ್ನಿನ ನಾಲ್ಕು ತಿಂಗಳು ವಾರದ ರಜೆ ಇಲ್ಲವೆಂದು ನಾವೇ ಬರೆದುಕೊಟ್ಟಿದ್ದೆವು. ಮಾಲೀಕರ ಹತ್ತಿರ ಹೋದರೆ, "ತುಮೀಚ್ ಸಹಿ ಕೆಲ್ಯಾ, ಬಾಬಾ", ಸಹಿ ಮಾಡಿದವರು ನೀವೇ ಅಲ್ಲವೇ, ಎಂದು ಕೈಚೆಲ್ಲಿದರು. ಆ ನಾಲ್ಕು ತಿಂಗಳಲ್ಲಿ ಇಬ್ಬರು ನಿದ್ದೆಗಣ್ಣಿನಲ್ಲಿ ಗಾಡಿ ಗಟಾರಕ್ಕೆ ಇಳಿಸಿದರು.

ಆಮೇಲೆ ನಾವು ಐದು ಜನ ಹಳಬರು ಒಂದು ಕಟ್ಟು ಮಾಡಿದೆವು. ಏನೇ ಪಾಸಾಗಲಿ, ನಾವು ಐವರು ಅದನ್ನು ಓದಿಸಿ, ಕನ್ನಡದಲ್ಲೂ ಹಿಂದಿಯಲ್ಲೂ ಬಿಡಿಸಿ ಹೇಳಬೇಕು. ಎಂಟು ದಿನ ಬಿಟ್ಟು ಮತ್ತೆ ಸಭೆ ಸೇರಬೇಕು. ನಮ್ಮನ್ನು ಯಾರೂ ಆರಿಸಿರಲಿಲ್ಲ. ತಡೆಯುವ ಅಧಿಕಾರವೂ ಇರಲಿಲ್ಲ, ಎಂಟು ದಿನ ಹಿಡಿದಿಡಬಹುದಿತ್ತು, ಅಷ್ಟೇ. ಆ ಎಂಟು ದಿನದಲ್ಲೇ ಎಷ್ಟೋ ಕೆಟ್ಟ ಠರಾವುಗಳು ತಾವಾಗಿ ಬಿದ್ದುಹೋದವು. ಹೊರಗಿನಿಂದ ಬಂದವರೆಂದು ನಮ್ಮನ್ನು ಘಾಂಟಿಗಳು ಎನ್ನುವ ಊರು ಇದು. ಇಂಥ ಕಡೆ ಇರುವವನಿಗೆ ಎರಡನೇ ಸಲ ಓದುವವರ ಬೆಲೆ ಗೊತ್ತಿರುತ್ತದೆ. ಅದಕ್ಕೇ ಹೇಳುತ್ತೇನೆ, ಮನೆಯನ್ನು ರಿಪೇರಿ ಮಾಡಲಿ, ಕೆಡವುವುದು ಬೇಡ.

ರಿಯಾಜ ಏನಾದರೂ ಒತ್ತಾಯ ಮಾಡುತ್ತಿದ್ದಾನೆಯೇ? ಇದ್ದದ್ದು ಇದ್ದ ಹಾಗೆ ಬರೆ.

ನಿನ್ನ ಅಬ್ಬಾ
ರಾಜಮಹ್ಮದ


ಗೋವಾ
6 ಡಿಸೆಂಬರ್ 2021

ಅಬ್ಬಾ,

ಮೇಲೆ ಬರೆದ ಊರು ತಪ್ಪಲ್ಲ. ನಾನು ಗೋವಾದಲ್ಲೇ ಇದ್ದೇನೆ. ಬಂದು ನಾಲ್ಕು ದಿನವಾಯಿತು.

ಮೆಂಬರುಗಳಿಗೆ ಅಧ್ಯಯನ ಪ್ರವಾಸ ಎಂದರು. ಎರಡು ಬಸ್ಸು ಬಂದವು. ಪ್ರವಾಸಕ್ಕೆ ರಿಯಾಜನೇ ಒಪ್ಪಿಗೆ ಕೊಟ್ಟಿದ್ದರು, ನನ್ನನ್ನು ಕೇಳಿದ್ದು ಬ್ಯಾಗಿನಲ್ಲಿ ಏನೇನು ಹಾಕಲಿ ಎಂದು ಮಾತ್ರ. ಜಾಸ್ಮೀನ ಅತ್ತೆಯ ಹತ್ತಿರ ಇದ್ದಾಳೆ. ಬೆಳಗಾವಿ ದಾಟಿದ ಮೇಲೆ ಒಂದು ಚೀಲ ತಂದು ಎಲ್ಲರ ಫೋನು ಹಾಕಿಸಿಕೊಂಡರು. ಹತ್ತನೇ ತಾರೀಖು ಮತ ಹಾಕಿದ ಮೇಲೆ ವಾಪಸು ಕೊಡುತ್ತಾರಂತೆ. ಎದುರು ಪಾರ್ಟಿಯವರು ನಮ್ಮನ್ನು ಸೆಳೆಯಬಾರದೆಂದು ಈ ವ್ಯವಸ್ಥೆ. ಕುರಿ ಕಾಯುವವರು ಕೂಡ ಕುರಿಗಳನ್ನು ದಿನಕ್ಕೆ ಎರಡೇ ಸಲ ಎಣಿಸುತ್ತಾರೆ, ನಮ್ಮನ್ನು ನಾಲ್ಕು ಸಲ ಎಣಿಸುತ್ತಾರೆ. ಎಣಿಸುವವನು ಸಾಹುಕಾರರ ಕಡೆಯ ಕೇಶಪ್ಪ.

ಮೊದಲ ದಿನವೇ ಅವನಿಗೆ ಹೇಳಿದೆ: "ಅಣ್ಣಾರ, ನಮ್ಮ ಅಪ್ಪ ಫೋಂಡಾದಾಗ ಅದಾರ್ರಿ. ಲಾಕ್‌ಡೌನಿಗಿಂತ ಮದ್ಲ ನೋಡಿದ್ದು. ಒಂದು ತಾಸು ಹೋಗಿ ಬರ್ತೇನ್ರಿ. ಬೇಕಾದ್ರ ನಿಮ್ಮವರನ್ನ ಒಬ್ಬರನ್ನ ಕಳಸ್ರಿ."

"ಹತ್ತನೇ ತಾರೀಕ ಆದ ಮ್ಯಾಲ ಎಷ್ಟ ಬೇಕಷ್ಟ ನೋಡ್ರಿ, ಅಕ್ಕಾರ. ಯಾರು ಬ್ಯಾಡಂದಾರ?"

"ಹತ್ತಕ್ಕ ನಾವು ಊರಾಗ ಇರ್ತೀವಲ್ರಿ."

"ಅದಕ್ಕ ನಾ ಏನ್ ಮಾಡ್ಲಿ?"

ಎಲ್ಲರೂ ನನ್ನ ಹಾಗೆ ಕುದಿಯುತ್ತಿಲ್ಲ ಎನ್ನುವುದನ್ನೂ ಬರೆಯಬೇಕು. ನಮ್ಮ ಪಂಚಾಯಿತಿಯ ದುರ್ಗಾಬಾಯಿಗೆ ಅರವತ್ತರ ಮೇಲಾಗಿದೆ. ಹಾಸಿಗೆ ಮೆತ್ತಗಾಯಿತೆಂದು ನೆಲದ ಮೇಲೆ ಮಲಗುತ್ತಾರೆ. ನಿನ್ನೆ ಚಹಾ ಕುಡಿಯುತ್ತ, "ಮದಿವ್ಯಾದ ಮ್ಯಾಲ ನಾ ಮಾಡದ ಅಡಗಿ ನಾಲ್ಕ ದಿನ ಕೂತು ಉಂಡದ್ದು ಇದ ಮದಲ ನೋಡವಾ. ಇವರು ಕಳ್ಳರ ಇರವಲ್ಲರ್ಯಾಕ, ನನಗ ವಿಶ್ರಾಂತಿ ಕೊಟ್ಟಾರ" ಎಂದರು. ಅವರಿಗೆ ಏನು ಹೇಳಲಿ? ಅವರ ಮಾತೂ ಖರೇನೇ.

ಈ ಪತ್ರವನ್ನು ರೂಮು ಗುಡಿಸಲು ಬರುವ ರೂಪಾ ಎಂಬವಳ ಕೈಯಲ್ಲಿ ಕೊಡುತ್ತಿದ್ದೇನೆ. ಬಾಗಲಕೋಟೆ ಕಡೆಯವಳು, ಮನೆ ಫಾತೋರ್ಡಾದಲ್ಲಿ. ಫೋಂಡಾ ಬಸ್ಸಿನ ಕಂಡಕ್ಟರ್ ಪರಿಚಯವಂತೆ, ನಿಮ್ಮ ವಿಳಾಸ ಕೊಟ್ಟಿದ್ದೇನೆ. ಈ ಹೋಟೆಲಿನ ಹೆಸರನ್ನು ಹಾಳೆಯ ಹಿಂಬದಿಗೆ ಬರೆದಿದ್ದೇನೆ.

ಏನಾದರೂ ಮಾಡಿ ಎಂದು ಕೇಳುತ್ತಿಲ್ಲ. ಇಷ್ಟು ಹತ್ತಿರದಲ್ಲಿದ್ದೇನೆಂದು ನಿಮಗೆ ಗೊತ್ತಿರಲಿ ಎಂದು ಬರೆದೆ.

ಫಿರ್ದೋಸ


ಫೋಂಡಾ
8 ಡಿಸೆಂಬರ್ 2021

ಮಗಳಿಗೆ ಸಲಾಂ.

ಈ ಕಾಗದವನ್ನು ಊರಿನ ವಿಳಾಸಕ್ಕೆ ಹಾಕುತ್ತಿದ್ದೇನೆ. ನೀನು ಮುಟ್ಟುವ ಮೊದಲೇ ಅದು ಮುಟ್ಟಲಿ ಎಂದು ಆಸೆ.

ನಿನ್ನ ಪತ್ರ ನಿನ್ನೆ ಸಂಜೆ ಸಿಕ್ಕಿತು. ಆ ಹೋಟೆಲಿಗೆ ನೀರು ಹಾಕುವ ಪಾಳಿ ಕುಬೇರನದು. ಇವತ್ತು ಅವನ ಗಾಡಿ ನಾನು ತೆಗೆದುಕೊಂಡೆ, ನನ್ನದನ್ನು ಅವನಿಗೆ ಕೊಟ್ಟೆ. ಹನ್ನೊಂದು ಗಂಟೆಗೆ ಮುಟ್ಟಿದೆ. ಟ್ಯಾಂಕರ್ ಎಂದರೆ ಯಾವ ಗೇಟಾದರೂ ತೆರೆಯುತ್ತದೆ. ಅಡಿಗೆಮನೆಯ ಹಿಂದಿನ ತೊಟ್ಟಿಗೆ ಪೈಪು ಬಿಟ್ಟು ಪಂಪು ಹಾಕಿದೆ. ಅದು ತುಂಬಲು ಮುಕ್ಕಾಲು ತಾಸು ಬೇಕು.

ಬೇಲಿಯ ಆಚೆ ಹುಲ್ಲಿನ ಮೇಲೆ ನಿಮ್ಮನ್ನೆಲ್ಲ ಕುರ್ಚಿ ಹಾಕಿ ಕೂರಿಸಿದ್ದರು. ಒಬ್ಬ ಕಾಗದ ಹಿಡಿದು ಅಂಕಿ ಹೇಗೆ ಬರೆಯಬೇಕೆಂದು ಕಲಿಸುತ್ತಿದ್ದ. ಹಳದಿ ಓಢಣಿ ಹೊದ್ದು ಎರಡನೇ ಸಾಲಿನಲ್ಲಿ ಕೂತವಳು ನೀನೇ ಎಂದು ನನಗೆ ಕೂಡಲೇ ಗೊತ್ತಾಯಿತು. ಕೂರುವ ರೀತಿ ನಿನ್ನ ಅಮ್ಮಿ ಮೆಹಬೂಬಿಯದೇ. ನಾನು ಬೇಲಿಯ ಹತ್ತಿರ ಹೋಗಿ ಕೂಗಿದೆ. ಪಂಪಿನ ಸದ್ದಿನಲ್ಲಿ ನಿನಗೆ ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ.

ನಿನ್ನ ಆ ಕೇಶಪ್ಪ ಓಡಿ ಬಂದು ನನ್ನ ಬಲಗಿವಿಯ ಹತ್ತಿರವೇ ಕಿರುಚಿದ. "ಯಾರ್ರಿ ನೀವು?"

"ನಾ ಆಕಿ ಅಪ್ಪ ಅದೇನ್ರಿ. ಎರಡ ನಿಮಿಷ ಮಾತಾಡಿ ಹೋಗ್ತೇನ್ರಿ. ನೀವು ಇಲ್ಲೇ ನಿಲ್ರಿ."

"ಅಪ್ಪ ಅಂತಾನ ಎಲ್ಲಾರೂ ಬರ್ತಾರ. ಎದುರ ಪಾರ್ಟಿಯವರು ಕಳಿಸ್ಯಾರೇನು? ಕಾರ್ಡ್ ತೋರಸ್ರಿ."

ಆಧಾರ್ ಕಾರ್ಡ್ ತೋರಿಸಿದೆ. ಅದರಲ್ಲಿ ಗೋವಾದ ವಿಳಾಸವಿದೆ. ಅವನು ಅದನ್ನು ಉದ್ದಕ್ಕೂ ಅಡ್ಡಕ್ಕೂ ನೋಡಿ, "ಗೋವಾದವರಿಗೆ ತೊಗರಿಹಾಳದಾಗ ಮಗಳು ಹ್ಯಾಂಗ?" ಎಂದ. ಹತ್ತೊಂಬತ್ತು ವರ್ಷ ಇಲ್ಲಿಯವರು ನನ್ನನ್ನು ನಿಮ್ಮೂರಿಗೆ ಹೋಗು ಎಂದರು. ಇವತ್ತು ನಮ್ಮೂರಿನವನು ನನ್ನನ್ನು ಗೋವಾದವನು ಎಂದ. ಆಮೇಲೆ ಮ್ಯಾನೇಜರ್ ಬಂದು ಪಂಪು ನಿಲ್ಲಿಸು, ಗಾಡಿ ತೆಗೆ ಎಂದ. ತೊಟ್ಟಿ ಅರ್ಧ ತುಂಬಿತ್ತು. ಪೈಪು ಸುತ್ತಿಕೊಂಡು ಬಂದೆ.

ದಾರಿಯಲ್ಲಿ ಒಂದು ಕಡೆ ಗಾಡಿ ನಿಲ್ಲಿಸಿ ಬಹಳ ಹೊತ್ತು ಕೂತೆ. ಕಳೆದ ಪತ್ರದಲ್ಲಿ ನಿನಗೆ ಒಂದು ವಿಷಯ ಹೇಳಿರಲಿಲ್ಲ. ನಮ್ಮ ಐದು ಜನ ಹಳಬರ ಕಟ್ಟು ನಡೆದದ್ದು ಎರಡೇ ವರ್ಷ. ಮೂರನೇ ವರ್ಷ ಇಬ್ಬರು ಊರಿಗೆ ಹೋದರು, ಆ ಜಾಗಕ್ಕೆ ಅಧ್ಯಕ್ಷ ತನ್ನ ಭಾವಮೈದುನರನ್ನು ತಂದು ಕೂರಿಸಿದ. ಈಗ ಅವರು ಎರಡನೇ ಸಲ ಓದುವುದಿಲ್ಲ, ಮೊದಲನೇ ಸಲವೇ ಚಪ್ಪಾಳೆ ಹೊಡೆಯುತ್ತಾರೆ. ನಾನು ವಾದದಲ್ಲಿ ಗೆಲ್ಲಬೇಕೆಂದು ಅದನ್ನು ಬಿಟ್ಟು ಬರೆದಿದ್ದೆ.

ನೀನು ಹೇಳಿದ್ದೇ ಸರಿ. ಮಗಳನ್ನು ಅಪ್ಪನಿಂದ ಬಚ್ಚಿಟ್ಟು ಕಟ್ಟುವ ಮನೆ ಯಾರಿಗೂ ಬೇಡ. ಮುಚ್ಚಲಿ. ಶುಕ್ರವಾರ ನೀನು ಯಾರಿಗೂ ಮತ ಹಾಕಬೇಡ, ಚೀಟಿ ಖಾಲಿ ಬಿಟ್ಟು ಬಾ.

ಅಬ್ಬಾ


ತೊಗರಿಹಾಳ
19 ಡಿಸೆಂಬರ್ 2021

ಅಬ್ಬಾ, ಸಲಾಂ.

ನಿಮ್ಮ ಪತ್ರ ಹದಿಮೂರಕ್ಕೆ ಸಿಕ್ಕಿತು. ಅಷ್ಟರಲ್ಲಿ ಎಲ್ಲ ಮುಗಿದಿತ್ತು. ಉತ್ತರ ಬರೆಯಲು ಕೂತು ನಾಲ್ಕು ಹಾಳೆ ಹರಿದಿದ್ದೇನೆ.

ನೀವು ಕೂಗಿದ್ದು ನನಗೆ ಕೇಳಿಸಿತು.

ಪಂಪಿನ ಸದ್ದಿತ್ತು, ಆದರೂ ಕೇಳಿಸಿತು. ತಲೆ ಎತ್ತಿ ನೋಡಿದೆ. ಬೇಲಿಯ ಹತ್ತಿರ ನೀವು, ಮೊಣಕಾಲಿನವರೆಗೆ ಪ್ಯಾಂಟು ಮಡಚಿಕೊಂಡು ನಿಂತಿದ್ದಿರಿ, ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಕೇಶಪ್ಪ ನಿಮ್ಮ ಕಾರ್ಡು ಹಿಡಿದು ನಮ್ಮ ಕಡೆ ತಿರುಗಿ, "ಯಾರರ ಇವರ ಮಗಳು ಅದೀರೇನು?" ಎಂದು, ಮೊದಲ ದಿನ ನಾನು ಹೇಳಿದ್ದು ಗೊತ್ತೇ ಇಲ್ಲದವನ ಹಾಗೆ ಕೇಳಿದ. ನಾನು ಎದ್ದು ನಿಲ್ಲಲಿಲ್ಲ.

ಯಾರೂ ನನ್ನ ಕೈ ಹಿಡಿದು ಕೂರಿಸಿರಲಿಲ್ಲ. ಹಿಂದಿನ ದಿನವೇ ಒಬ್ಬಳ ಅಣ್ಣ ಗೇಟಿಗೆ ಬಂದಿದ್ದ. ಅವಳು ಎದುರು ಪಾರ್ಟಿಗೆ ಸುದ್ದಿ ಕೊಟ್ಟಳೆಂದು ಅವಳ ಗಂಡನಿಗೆ ಫೋನು ಹೋಗಿತ್ತು. ನಾನು ರಿಯಾಜನ ಗುತ್ತಿಗೆಯನ್ನು ಯೋಚಿಸಿದೆ, ಮನೆಗೆ ಹೋದ ಮೇಲಿನ ಜಗಳವನ್ನು ಯೋಚಿಸಿದೆ. ನೀವು ಪೈಪು ಸುತ್ತಿ ಮುಗಿಸುವಷ್ಟರಲ್ಲಿ ಇಷ್ಟೆಲ್ಲ ಯೋಚಿಸಿದೆ. ಗಾಡಿ ಹೋದ ಮೇಲೆ ದುರ್ಗಾಬಾಯಿ ನನ್ನ ಮುಖ ನೋಡಿ, "ನಿಮ್ಮಪ್ಪೇನ?" ಎಂದರು. ನಾನು ಕೈಯಲ್ಲಿದ್ದ ಕಾಗದ ಮಡಚಿದೆ.

ಶುಕ್ರವಾರ ಬಸ್ಸಿನಿಂದ ಇಳಿಸಿ ನೇರವಾಗಿ ಪಂಚಾಯಿತಿ ಆಫೀಸಿಗೆ ಕರೆದೊಯ್ದರು. ಈ ಚುನಾವಣೆಯಲ್ಲಿ ಅಭ್ಯರ್ಥಿಗಳ ಮುಂದೆ 1, 2, 3 ಎಂದು ಅಂಕಿ ಬರೆಯಬೇಕು. ಕೇಶಪ್ಪ ಒಬ್ಬೊಬ್ಬರಿಗೂ ಬೇರೆ ಬೇರೆ ಅನುಕ್ರಮ ಕಲಿಸಿದ್ದ. ಸಾಹುಕಾರರಿಗೆ 1 ಎಲ್ಲರದೂ ಒಂದೇ, 2 ಮತ್ತು 3 ಮಾತ್ರ ಬೇರೆ. ಎಣಿಕೆಯ ದಿನ ನನ್ನ ಅನುಕ್ರಮದ ಚೀಟಿ ಕಾಣದಿದ್ದರೆ, ತಪ್ಪಿಸಿಕೊಂಡವಳು ನಾನೆಂದು ಗೊತ್ತಾಗುತ್ತದೆ. ಮರೆಯಲ್ಲಿ ನೇರಳೆ ಪೆನ್ನು ಹಿಡಿದು ಒಬ್ಬಳೇ ನಿಂತೆ. ನೀವು ಹೇಳುವ ಮೊದಲೇ ಖಾಲಿ ಬಿಡುವ ಯೋಚನೆ ನನಗೂ ಬಂದಿತ್ತು. ಕಲಿಸಿದ ಹಾಗೆಯೇ ಬರೆದು ಬಂದೆ. ಸಾಹುಕಾರರು ಗೆದ್ದರು.

ಈಗ ನೀವು ಮನೆ ಮುಚ್ಚಲಿ ಎನ್ನುತ್ತೀರಿ. ನನಗೆ ಅಷ್ಟು ಸಲೀಸಾಗಿ ಹೇಳಲು ಬಾಯಿ ಬರುತ್ತಿಲ್ಲ. ಅಲ್ಲಿ ಕೂತ ಎಂಟು ದಿನ ಒಂದೇ ಯೋಚನೆ ಮಾಡಿದೆ. ನಮ್ಮನ್ನು ಬಸ್ಸಿಗೆ ತುಂಬಿದ್ದು ನಾವು ಕೆಲವರೇ ಇದ್ದೇವೆಂದು. ಇದೇ ಮತ ಇಡೀ ಜಿಲ್ಲೆಯ ಜನರಿಗೆ ಇದ್ದಿದ್ದರೆ ಯಾವ ಹೋಟೆಲಿನಲ್ಲಿ ಕೂಡಿಹಾಕುತ್ತಿದ್ದರು? ಎಷ್ಟು ಫೋನು ಕಸಿಯುತ್ತಿದ್ದರು? ಆಗ ಟ್ಯಾಂಕಿನ ವಿಷಯ ಕೇಳಿದರೆ ನಗುವ ಧೈರ್ಯವೂ ಅವರಿಗೆ ಇರುತ್ತಿರಲಿಲ್ಲ.

ಇದೆಲ್ಲ ನನ್ನ ತಪ್ಪು ಮುಚ್ಚಿಕೊಳ್ಳಲು ಮಾಡುವ ವಾದವೋ ಏನೋ. ನೀವೇ ಹೇಳಿ.

ಫಿರ್ದೋಸ


ಫೋಂಡಾ
2 ಜನವರಿ 2022

ಫಿರ್ದೋಸ,

ನೀನು ನನ್ನನ್ನು ನೋಡಿದ್ದು ನನಗೆ ಗೊತ್ತಿತ್ತು. ಕಣ್ಣು ಇನ್ನೂ ಚೆನ್ನಾಗಿದೆ. ನೀನು ನೋಡಿದೆ, ಆಮೇಲೆ ತಲೆ ತಗ್ಗಿಸಿ ಕೈಯಲ್ಲಿದ್ದ ಕಾಗದ ಓದತೊಡಗಿದೆ. ಆ ಕಾಗದದಲ್ಲಿ ಓದುವಂಥದ್ದು ಏನೂ ಇರಲಿಲ್ಲ. ತಿಳಿಯಲಿಲ್ಲ ಎಂದು ಬರೆದದ್ದು ನಿನಗೆ ಭಾರವಾಗದಿರಲಿ ಎಂದು.

ನಿನ್ನ ಅಮ್ಮಿ ತೀರಿದ ವರ್ಷ ನಿನ್ನನ್ನು ಅತ್ತೆಯ ಮನೆಯಲ್ಲಿ ಬಿಟ್ಟು ಗೋವಾ ಬಸ್ಸು ಹತ್ತಿದೆನಲ್ಲ. ನೀನು ಬಸ್ಸಿನ ಹಿಂದೆ ಕೂಗುತ್ತ ಬಂದದ್ದು ನನಗೂ ಕೇಳಿಸಿತ್ತು. ಆಗ ಎರಡೂ ಕಿವಿ ಸರಿಯಾಗಿದ್ದವು. ತಿರುಗಿ ನೋಡಿದರೆ ಇಳಿದುಬಿಡುತ್ತೇನೆಂದು ನೋಡಲಿಲ್ಲ. ಆದ್ದರಿಂದ ನಾನು ನಿನಗೆ ಬೈಯುವವನಲ್ಲ.

ವಾದ ಮಾತ್ರ ಬಿಡುವುದಿಲ್ಲ. ಎಲ್ಲರಿಗೂ ಮತ ಕೊಟ್ಟರೆ ಅದು ಇನ್ನೊಂದು ಕೆಳಮನೆಯಾಗುತ್ತದೆ, ಅಷ್ಟೇ. ಅದೇ ಸಾಹುಕಾರರು, ಅದೇ ಹಾರ. ಇಲ್ಲಿ ಈಗ ಚುನಾವಣೆ ಬಂದಿದೆ. ಹೋದ ತಿಂಗಳವರೆಗೆ ಘಾಂಟಿಯಾಗಿದ್ದ ನನ್ನನ್ನು ಈಗ ರೂಮಿಗೆ ಬಂದು ಮಾಮಾ ಎನ್ನುತ್ತಿದ್ದಾರೆ. ಮತವಿದ್ದರೆ ಎಲ್ಲ ಸರಿಯಾಗುತ್ತದೆಂದು ನಂಬಬೇಡ. ಆದರೆ ನಿನ್ನ ಮನಸ್ಸಿನಲ್ಲಿದ್ದದ್ದನ್ನು ನನಗೊಬ್ಬನಿಗೆ ಬರೆದರೆ ಏನು ಬಂತು? ಊರ ಮುಂದೆ ಹೇಳು.

ಅಬ್ಬಾ


ತೊಗರಿಹಾಳ
30 ಜನವರಿ 2022

ಅಬ್ಬಾ, ಸಲಾಂ.

ಹೇಳಿದೆ. ಇಪ್ಪತ್ತೇಳನೆಯ ತಾರೀಖು ಗ್ರಾಮಸಭೆ ಇತ್ತು. ರಿಯಾಜ ಎಂದಿನಂತೆ ನನ್ನ ಕುರ್ಚಿಯ ಮೇಲೆ ಕೂತಿದ್ದರು. "ಏಳ್ರಿ, ಅದು ನನ್ನ ಕುರ್ಚಿ" ಎಂದೆ. ಸಭೆಯ ಮುಂದೆ ಹಾಗೆ ಹೇಳುತ್ತೇನೆಂದು ಅವರು ಅಂದುಕೊಂಡಿರಲಿಲ್ಲ, ನಾನೂ ಅಂದುಕೊಂಡಿರಲಿಲ್ಲ. ಎದ್ದು ಹೊರಗೆ ಹೋದರು. ಮೂರು ದಿನದಿಂದ ನನ್ನ ಜೊತೆ ಮಾತಿಲ್ಲ.

ಗೋವಾದಲ್ಲಿ ಏನಾಯಿತೆಂದು ಎಲ್ಲವನ್ನೂ ಹೇಳಿದೆ, ನಿಮ್ಮದನ್ನೂ ಹೇಳಿದೆ. ಆಮೇಲೆ ಕೇಳಿದೆ: "ಇಲ್ಲಿ ಇನ್ನೂರು ಮಂದಿ ಕುಂತೇವಿ. ಆ ಮನಿಗೆ ಮತ ಹಾಕೋ ಹಕ್ಕು ಇದ್ದವರು ಕೈ ಎತ್ರಿ." ಮೆಂಬರುಗಳನ್ನು ಬಿಟ್ಟರೆ ನಾಲ್ಕು ಕೈ ಎದ್ದವು, ಡಿಗ್ರಿ ಓದಿ ಹೆಸರು ನೋಂದಾಯಿಸಿದ ಹುಡುಗರದು. ನಿವೃತ್ತ ಮಾಸ್ತರ ನಾನಪ್ಪನವರು ಮೊದಲು ಕೈ ಎತ್ತಿ ಆಮೇಲೆ ಇಳಿಸಿದರು. "ಶಿಕ್ಷಕರಿಗೆ ಅಂತ ಸೀಟು ಅದಾವಲ್ರಿ, ಮಾಸ್ತರ?" ಎಂದೆ.

"ಅದಾವವಾ. ಹೈಸ್ಕೂಲಿನವರಿಗೆ. ನಾ ಮೂವತ್ತಾರು ವರ್ಷ ಪ್ರಾಥಮಿಕ ಶಾಲ್ಯಾಗ ಕಲಿಸೇನಿ. ಈ ನಾಲ್ಕು ಡಿಗ್ರಿ ಹುಡುಗರಿಗೆ ಅಕ್ಷರ ತಿದ್ದಿಸಿದಾಂವ ನಾನು. ಅವರಿಗೆ ಮತ ಐತಿ. ಆ ಮನಿ ಲೆಕ್ಕದಾಗ ನಾ ಮಾಸ್ತರ ಅಲ್ಲ." ಅವರು ಇಷ್ಟು ವರ್ಷ ಯಾರಿಗೂ ಅದನ್ನು ಹೇಳಿರಲಿಲ್ಲವಂತೆ.

ಆಮೇಲೆ ಜಗಳವೇ ಆಯಿತು. ಹುಡುಗರು ಮುಚ್ಚಬೇಕು ಎಂದರು. ದುರ್ಗಾಬಾಯಿ ಎದ್ದು, "ಮುಚ್ಚಿದ್ರ ಅವರು ಇನ್ನೊಂದು ಬಾಗಲಾ ಹುಡುಕ್ತಾರ. ತಗದ ಇಡ್ರಿ, ಖರೇ, ನಮ್ಮ ಮನಿ ಮುಂದ ಬಂದು ಕೈ ಮುಗಿಯೂ ಹಂಗ ಮಾಡ್ರಿ. ಎಲ್ಲಾರ ಮುಂದ" ಎಂದರು. ಕೊನೆಗೆ ನಾನು ಠರಾವು ಓದಿದೆ: ಮೇಲ್ಮನೆಗೆ ಎಲ್ಲ ಮತದಾರರಿಗೂ ಮತ ಕೊಡಬೇಕು, ಅದು ಆಗದಿದ್ದರೆ ಆ ಮನೆಯನ್ನು ತೆಗೆದುಹಾಕಬೇಕು. ನೂರಾ ಹನ್ನೊಂದು ಜನ ಕೈ ಎತ್ತಿದರು. ನಿಮ್ಮ ಮಾತೂ ಅದರಲ್ಲಿದೆ, ನನ್ನದೂ ಇದೆ.

ಪಿಡಿಒ ಸಾಹೇಬರು ಪೆನ್ನು ಕೆಳಗಿಟ್ಟರು. "ಮೇಡಂ, ಇದು ವಿಧಾನಸಭೆ ಮೂರರಾಗ ಎರಡು ಪಾಲು ಬಹುಮತದಿಂದ ಹೇಳಬೇಕು, ಆಮ್ಯಾಲ ಪಾರ್ಲಿಮೆಂಟ್ ಕಾಯ್ದೆ ಮಾಡಬೇಕು. ನಮ್ಮ ವ್ಯಾಪ್ತಿಗೆ ಬರಂಗಿಲ್ರಿ."

"ಬರದಿದ್ರ ಬಿಡ್ರಿ. ಸಭಾ ಹೇಳಿದ್ದನ್ನ ಬರೀರಿ."

ಬಹಳ ಒತ್ತಾಯದ ಮೇಲೆ ಬರೆದರು. ಸಂಜೆ ಪುಸ್ತಕ ತೆಗೆದು ನೋಡಿದೆ. "ವಿಧಾನ ಪರಿಷತ್ತಿನ ಕುರಿತು ಚರ್ಚಿಸಲಾಯಿತು" ಎಂದಿತ್ತು. ಒಂದೇ ಸಾಲು. ನೂರಾ ಹನ್ನೊಂದು ಕೈಗಳು ಅದರಲ್ಲಿ ಎಲ್ಲಿಯೂ ಇಲ್ಲ.

ಮರುದಿನ ನಾನೇ ಬಿಳಿ ಹಾಳೆಯಲ್ಲಿ ಠರಾವು ಬರೆದು, ಮನೆಮನೆಗೆ ಹೋಗಿ ಸಹಿ ಮತ್ತು ಹೆಬ್ಬೆಟ್ಟು ಹಾಕಿಸಿ ಜಿಲ್ಲಾ ಪಂಚಾಯಿತಿಯ ಮೇಲಿನವರಿಗೆ ರಿಜಿಸ್ಟರ್ ಪೋಸ್ಟ್ ಮಾಡಿದ್ದೇನೆ.

ನಿಮ್ಮ
ಫಿರ್ದೋಸ


ತೊಗರಿಹಾಳ
10 ಏಪ್ರಿಲ್ 2022

ಅಬ್ಬಾ, ಸಲಾಂ. ರೋಜಾ ಹೇಗೆ ನಡೆದಿದೆ? ಬಿಸಿಲಿನಲ್ಲಿ ಗಾಡಿ ಓಡಿಸುವವರು, ಹುಷಾರು.

ಎರಡು ತಿಂಗಳಾದ ಮೇಲೆ ಠರಾವಿಗೆ ಉತ್ತರ ಬಂತು. ಮೂರು ಸಾಲು. ವಿಷಯ ಪಂಚಾಯಿತಿಯ ವ್ಯಾಪ್ತಿಗೆ ಬರುವುದಿಲ್ಲ, ಮುಂದೆ ಇಂಥ ವಿಷಯಗಳನ್ನು ಸಭೆಯಲ್ಲಿ ತೆಗೆದುಕೊಳ್ಳಬಾರದು, ಅರ್ಜಿಯನ್ನು ಮುಕ್ತಾಯಗೊಳಿಸಲಾಗಿದೆ. ಓದಿದ್ದಾರೆಂದು ತೋರಿಸುವ ಒಂದು ಶಬ್ದವೂ ಇಲ್ಲ. ನಾನಪ್ಪ ಮಾಸ್ತರರಿಗೆ ತೋರಿಸಿದೆ. ಅವರು ಕೆಂಪು ಪೆನ್ನು ತೆಗೆದು ಅದರಲ್ಲಿದ್ದ ಎರಡು ಕಾಗುಣಿತದ ತಪ್ಪು ತಿದ್ದಿ ವಾಪಸು ಕೊಟ್ಟರು.

ಹೋದ ವಾರ ಸಾಹುಕಾರರಿಗೆ ತಾಲ್ಲೂಕಿನಲ್ಲಿ ಸನ್ಮಾನವಿತ್ತು. ಹೋದೆ. ಮುಂದಿನ ಸಾಲಿನಲ್ಲಿ ಕೂತೆ. ಅವರ ಭಾಷಣ ಮುಗಿಯುತ್ತಲೇ ಎದ್ದು, "ಸಾಹೇಬ್ರ, ನಾಲ್ಕು ತಿಂಗಳಾತು. ಆ ಮನ್ಯಾಗ ಪಂಚಾಯಿತಿ ಬಗ್ಗೆ ಎಷ್ಟು ಪ್ರಶ್ನೆ ಕೇಳೀರಿ?" ಎಂದೆ. ಯಾರೂ ನಗಲಿಲ್ಲ. ಕೇಶಪ್ಪ ನನ್ನ ಕಡೆ ಬರತೊಡಗಿದ. ದುರ್ಗಾಬಾಯಿ ಎದ್ದು ಅವನ ದಾರಿಗೆ ಅಡ್ಡ ನಿಂತರು. ಪಕ್ಕದ ಹಳ್ಳಿಯ ಇಬ್ಬರು ಹೆಣ್ಣುಮಕ್ಕಳೂ ನಿಂತರು. ಸಾಹುಕಾರರು ಗಡಿಯಾರ ನೋಡಿಕೊಂಡು ಇನ್ನೊಂದು ಕಾರ್ಯಕ್ರಮವಿದೆ ಎಂದು ಹೊರಟುಹೋದರು. ಅಷ್ಟೇ ಆದದ್ದು. ಆರು ವರ್ಷ ಅವರು ಅಲ್ಲೇ ಇರುತ್ತಾರೆ, ನಾನು ಏನು ಮಾಡಿದರೂ.

ರಸ್ತೆಯ ಗುತ್ತಿಗೆ ಕೇಶಪ್ಪನ ತಮ್ಮನಿಗೆ ಹೋಯಿತು. ರಿಯಾಜ ಎರಡು ದಿನ ಊಟ ಬಿಟ್ಟರು. ಮೂರನೇ ದಿನ ನನ್ನ ಹತ್ತಿರ ಬಂದು ಕೂತು, "ನಿಮ್ಮಪ್ಪಾರು ಅವತ್ತ ಖರೇನ ಬಂದಿದ್ರೇನು?" ಎಂದು ಕೇಳಿದರು. ಹೌದು ಎಂದೆ. ಅವರು ಎದ್ದು ಹೋಗಿ ಜಾಸ್ಮೀನಳ ತಲೆ ಬಾಚಿದರು. ಅದನ್ನು ಅವರು ಹಿಂದೆಂದೂ ಮಾಡಿರಲಿಲ್ಲ.

ಠರಾವನ್ನು ಇನ್ನೊಮ್ಮೆ ಕಳಿಸುತ್ತೇನೆ. ಈ ಸಲ ಪಕ್ಕದ ಎರಡು ಪಂಚಾಯಿತಿಗಳ ಸಹಿಗಳೂ ಇರುತ್ತವೆ. ಅದಕ್ಕೂ ಮೂರೇ ಸಾಲು ಬರುತ್ತದೆಂದು ಗೊತ್ತು.

ಈದ್ ಮುಗಿದ ಮರುದಿನ ಜಾಸ್ಮೀನಳನ್ನು ಕರೆದುಕೊಂಡು ಫೋಂಡಾಕ್ಕೆ ಬರುತ್ತೇನೆ. ಟಿಕೀಟು ತೆಗೆಸಿ ಆಗಿದೆ. ರಜೆ ಸಿಗದಿದ್ದರೆ ಯೋಚಿಸಬೇಡಿ, ನಾವಿಬ್ಬರೂ ಗಾಡಿಯಲ್ಲೇ ನಿಮ್ಮ ಪಕ್ಕದಲ್ಲಿ ಕೂರುತ್ತೇವೆ. ಯಾವ ಗೇಟಿನಲ್ಲಾದರೂ ಇವಳು ಯಾರು ಎಂದು ಕೇಳಿದರೆ ನೀವು ಕಾರ್ಡು ತೆಗೆಯಬೇಡಿ, ಏನೂ ಹೇಳಬೇಡಿ. ನಾನೇ ಇಳಿದು ಹೇಳುತ್ತೇನೆ.

ನಿಮ್ಮ ಮಗಳು
ಫಿರ್ದೋಸ